ಸೋಮವಾರ ಎಣಿಸಿದವರು

ಈ ಸಲ ಮಳೆ ಜೋರಾಗಿ ಬಂತು. ಫೋನು ಮಾತ್ರ ಬರಲಿಲ್ಲ.

ಮೊದಲನೆಯ ಮಳೆಗೆ ನಾನು ಅಷ್ಟಾಗಿ ಯೋಚಿಸಲಿಲ್ಲ. ಎರಡನೆಯ ಮಳೆಗೆ ಹಳ್ಳ ತುಂಬಿ ಹರಿಯಿತು, ಆಗಲೂ ಬರಲಿಲ್ಲ. ನಿಮ್ಮ ಅಪ್ಪ ಮೊಬೈಲು ಚಾರ್ಜಿಗೆ ಹಾಕುವ ಗೂಡಿನ ಕೆಳಗೇ ಕೂತು ನಾನು ಪುಂಡಿಪಲ್ಯ ಸೋಸುತ್ತಿದ್ದೆ. ಮೊಮ್ಮಕ್ಕಳು ನೀವಿಬ್ಬರೂ ನೋಡಿ ನಕ್ಕಿರಿ. "ಆಯಿ, ಯಾರ ಫೋನ್ ಕಾಯಾಕತ್ತೀದಿ ಬೇ?" ಎಂದು ಸಣ್ಣವಳು ಕೇಳಿದಳು. ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಅದಕ್ಕೇ ಬರೆಯುತ್ತಿದ್ದೇನೆ. ಅಫಜಲಪುರ ತಾಲೂಕಿನ ನನ್ನ ತವರೂರಿನಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರ ಇವು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾನು ಕಾಯುತ್ತಿದ್ದದ್ದು ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಸಾಹೇಬರ ಫೋನನ್ನು. ನೀವಾಗ ಬಹಳ ಸಣ್ಣವರು. ಅವರ ಹೆಸರು ಬರೆಯುವುದಿಲ್ಲ, ತಮ್ಮ ಹೆಸರು ಎಲ್ಲಿಯೂ ಕಾಣಿಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಊರವರು ಕರೆಯುತ್ತಿದ್ದ ಹೆಸರು ಒಂದಿತ್ತು: ಕತ್ತರಿ ಸಾಹೇಬ್ರು.

ಅವರು ಆಳಂದ ಪೇಟೆಯವರು. ತಂದೆ ದರ್ಜಿ. ಆದರೆ ಹೆಸರು ಬಂದದ್ದು ತಂದೆಯ ಕತ್ತರಿಯಿಂದಲ್ಲ. ನಮ್ಮ ಹೊಲಗಳ ನಡುವೆ ಹೊಸ ದೊಡ್ಡ ಹೆದ್ದಾರಿ ಹಾಯುತ್ತಿತ್ತಲ್ಲ, ಅದರ ಖರ್ಚು ಕೈಮೀರದಂತೆ ನೋಡಿಕೊಳ್ಳುವ ಇಂಜಿನಿಯರು ಅವರು. ದಿಲ್ಲಿಯಿಂದ ಮಂಜೂರಾಗಿ ಬಂದ ಹಣದಲ್ಲೇ ಕೆಲಸ ಮುಗಿಯಬೇಕು. ದಾರಿಯುದ್ದಕ್ಕೂ ಜನ ಒಂದೊಂದು ಕೇಳುವರು. ಇಲ್ಲೊಂದು ಬಸ್ ನಿಲ್ದಾಣ, ಅಲ್ಲೊಂದು ಕಮಾನು, ಮುಂದೆ ದೀಪದ ಕಂಬ. ಇವರು ಎಲ್ಲದಕ್ಕೂ "ಇಲ್ಲ" ಎನ್ನುವರು. ಮೊದಲು ಗಡಿಯ ಖಜೂರಿ ಕಡೆಗೆ ಕೆಲಸ ಮಾಡಿದ್ದರಂತೆ. ಆ ಗಡಿಯಿಂದ ಜಲ್ಲಿ ಕಡಿ ಹೊತ್ತು ಬರುವ ಲಾರಿಗಳವರು ಈ ಹೆಸರನ್ನೂ ಹೊತ್ತು ತಂದರು. ಸಾಹೇಬರು ಊರಿಗೆ ಬರುವ ಮೊದಲೇ ಹೆಸರು ಬಂದು ಕೂತಿತ್ತು.

ತೆಳ್ಳಗಿನ ಮನುಷ್ಯ. ಮೇಲುಜೇಬಿನಲ್ಲಿ ತಂದೆಯ ಕಾಲದ ಬಟ್ಟೆಯ ಟೇಪು ಸುರುಳಿ ಸುತ್ತಿ ಇಟ್ಟುಕೊಂಡಿರುತ್ತಿದ್ದರು. ಅದು ಎಷ್ಟು ಸವೆದಿತ್ತೆಂದರೆ ಮೊದಲಿನ ಅಂಕಿಗಳು ಅಳಿಸಿಹೋಗಿದ್ದವು, ಮಧ್ಯದಿಂದ ಹಿಡಿದು ಅಳೆದು ಆಮೇಲೆ ಕಳೆಯುತ್ತಿದ್ದರು. ಮೈಗೆ ಹಚ್ಚುವ ಸಾಬೂನನ್ನು ತಂದ ದಿನವೇ ದಾರದಿಂದ ಎರಡು ಹೋಳು ಮಾಡುತ್ತಿದ್ದರು. ಹಿತ್ತಲ ನಲ್ಲಿ ತೊಟ್ಟಿಕ್ಕಿದರೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ತಾವೇ ಎದ್ದು ಸೂತಲಿ ದಾರ ಸುತ್ತಿ ಬರುತ್ತಿದ್ದರು. ಎಣಿಸುವಾಗ ಬಾಯಿ ಆಡಿಸುತ್ತಿರಲಿಲ್ಲ, ಬರೆದುಕೊಳ್ಳುತ್ತಲೂ ಇರಲಿಲ್ಲ. ಹೆಬ್ಬೆರಳು ಮಾತ್ರ ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಕಟ್ಟೆಯ ಮೇಲೆ ಸುಮ್ಮನೆ ಕೂತಾಗಲೂ ಆ ಹೆಬ್ಬೆರಳು ನಿಲ್ಲುತ್ತಿರಲಿಲ್ಲ. ಹೋಗುವ ಲಾರಿ, ಕುರಿ, ಏನು ಕಂಡರೂ ಎಣಿಸುವರು.

ಒಂದು ಸಲ ಗುತ್ತಿಗೆದಾರನ ಆಳುಗಳು ಸಿಮೆಂಟಿನ ಚೀಲಗಳನ್ನು ಮಳೆಗೆ ಬಿಟ್ಟು ಹೋಗಿದ್ದರು. ಸಾಹೇಬರು ಅದನ್ನು ಕಂಡು ನಮ್ಮ ಅಂಗಳದಿಂದ ತಾಡಪತ್ರಿ ಎಳೆದುಕೊಂಡು ಓಡಿದರು. ಅದು ತೊಗರಿ ಒಣಗಿಸುವ ನಮ್ಮ ತಾಡಪತ್ರಿ! ನೆನೆದು ಮುದ್ದೆಯಾಗಿ ವಾಪಸು ಬಂದರು. ನಿಮ್ಮ ಅಪ್ಪ, "ಅದು ನಿಮ್ಮಪ್ಪಂದೇನ್ರೀ ಸಾಹೇಬ್ರ, ಇಷ್ಟ್ಯಾಕ ಜೀವ ಬಿಡ್ತೀರಿ?" ಎಂದು ನಗೆಯಾಡಿದ. ಅವರು ತಲೆ ಒರೆಸಿಕೊಳ್ಳುತ್ತ, "ಎಲ್ಲಾರಪ್ಪಂದ್ರೀ. ಅದಕ್ಕ ಯಾರೂ ಓಡಂಗಿಲ್ಲ" ಎಂದರು.

ಇಷ್ಟು ಬಿಗಿ ಯಾಕೆ ಎಂದು ಯಾರೋ ಕೇಳಿದಾಗ ಅವರು ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದ್ದೇನೆ. ಹೊಸದಾಗಿ ನೌಕರಿಗೆ ಸೇರಿದಾಗ ಒಂದು ದೂರದೂರಿನ ಸೇತುವೆ ಕೆಲಸಕ್ಕೆ ಹೋಗಿದ್ದರಂತೆ. ಎಲ್ಲರೂ ಕೇಳಿದ್ದಕ್ಕೆಲ್ಲ ಹೂಂ ಎಂದರಂತೆ ಮೇಲಿನವರು. ಖರ್ಚು ಏರಿತು, ಮಂಜೂರಾದ ಮಿತಿ ದಾಟಿತು, ಕಡತ ಮತ್ತೆ ದಿಲ್ಲಿಗೆ ಹೋಯಿತು. ಅದು ತಿರುಗಿ ಬರಲಿಲ್ಲ. "ಹೊಳ್ಯಾಗ ಕಂಬ ಅಷ್ಟ ನಿಂತಾವ್ರೀ ಇನ್ನೂ, ತಲಿ ಇಲ್ಲದ ಮನಷ್ಯಾರಂಗ. ಮಂದಿ ಅವುಗಳ ಬುಡಕ್ಕ ನಾವಿ ಕಟ್ಟಿ ದಾಟ್ತಾರ. ನನಗ ಕಣ್ಣು ಮುಚ್ಚಿದ್ರ ಆ ಕಂಬನ ಕಾಣ್ತಾವ."

ನಾನು ಅವರನ್ನು ಮೊದಲು ನೋಡಿದ್ದು ಅವರು ನಮ್ಮ ಕೋಣೆಗೆ ಬರುವ ಮೊದಲೇ. ಶ್ರಾವಣದ ಸೋಮವಾರ. ನಿಮ್ಮ ಮುತ್ಯಾನನ್ನು ಮಣ್ಣು ಮಾಡಿರುವುದು ಬಂಡಿದಾರಿಯ ಆಚೆ ಕೊನೆಗೆ, ನಮ್ಮ ಹೊಲದ ಬದುವಿನಲ್ಲಿ ಎಂಬುದು ನಿಮಗೆ ಗೊತ್ತು. ಅವರು ಹೋದಾಗಿನಿಂದ ಸೋಮವಾರ ಹೋಗಿ ವಿಭೂತಿ ಹಚ್ಚಿ, ನಾಲ್ಕು ಪತ್ರಿ ಇಟ್ಟು ಬರುತ್ತೇನೆ. ಆ ದಿನ ಬಂಡಿದಾರಿಯ ಬೇವಿನ ಗಿಡದ ಬುಡಕ್ಕೆ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಗುರುತಿಲ್ಲದ ಗಂಡಸು. ನಾನು ಸೆರಗು ಮುಂದಕ್ಕೆಳೆದುಕೊಂಡು ಸರಸರನೆ ದಾಟಿದೆ. ಹೊಳ್ಳಿ ಬರುವಾಗಲೂ ಅವರು ಅಲ್ಲೇ ಇದ್ದರು. ಅವರ ಹೆಬ್ಬೆರಳು ಒಂದು ಗೆಣ್ಣು ಸರಿದದ್ದನ್ನು ನೋಡಿದೆ. ಯಾವುದೋ ಜಪ ಮಾಡುತ್ತಿದ್ದಾರೆ ಎಂದುಕೊಂಡೆ.

ಆ ಹೆದ್ದಾರಿ ನಮ್ಮ ನೆಲೋಗಿ ಕಡೆಯ ಹಳೆಯ ರಸ್ತೆಯಂಥದಲ್ಲ. ಎರಡಾಳೆತ್ತರ ಮಣ್ಣಿನ ಏರಿ ಹಾಕಿ ಅದರ ಮೇಲೆ ಗಾಡಿ ಓಡಿಸುತ್ತಾರೆ. ಎರಡೂ ಬದಿಗೆ ಬೇಲಿ. ಮನುಷ್ಯರಾಗಲಿ ದನವಾಗಲಿ ಅಡ್ಡ ದಾಟುವಂತಿಲ್ಲ. ಆಚೆಗೆ ಹೋಗಬೇಕೆಂದರೆ ಏರಿಯ ಹೊಟ್ಟೆಯೊಳಗೆ ಕೆಳದಾರಿ ಬಿಟ್ಟಿರಬೇಕು. ನಮ್ಮ ಬಂಡಿದಾರಿಗೂ ಒಂದು ಕೆಳದಾರಿ ನಕ್ಷೆಯಲ್ಲಿದೆ ಎಂದು ಊರೆಲ್ಲ ನಂಬಿತ್ತು.

ದಸರೆ ಮುಗಿದ ಮೇಲೆ ಒಂದು ಸಂಜೆ ಸಾಹೇಬರು ಚಹಾ ಕುಡಿಯಲು ಕಟ್ಟೆಗೆ ಕೂತರು. ನಿಮ್ಮ ಅಪ್ಪ ಎದುರಿಗೆ. ನಾನು ಬಾಗಿಲ ಮರೆಯಲ್ಲಿ. ಅವರು ಬಸಿಗೆ ಸುರಿದ ಚಹಾ ಕುಡಿದು ಮುಗಿಸಿ ಹೇಳಿದರು.

"ಒಂದು ಮಾತು ನಾನ ಹೇಳಬೇಕು, ಬ್ಯಾರೇದವರಿಂದ ಕೇಳಬಾರದು. ನಿಮ್ಮ ಬಂಡಿದಾರಿಗೆ ಕೆಳದಾರಿ ಕೊಡಂಗಿಲ್ರೀ. ತಗದೇವಿ. ಮುಂದಿನ ಊರಿನ ಹಂತ್ಯಾಕ ಒಂದದ, ಅಲ್ಲಿಂದ ಸುತ್ತಿ ಬರಬೇಕು."

ನಿಮ್ಮ ಅಪ್ಪ ಚಹಾ ಕೆಳಗಿಟ್ಟ. "ಅದೆಂಥ ಮಾತ್ರೀ ಸಾಹೇಬ್ರ? ಅರ್ಧ ಊರಿನ ಹೊಲ ಆಚಿಗವ!"

"ಹೊಲ ಅವ ಖರೆ. ದಾಟೋರು ಬೇಕಲ್ಲ? ನಾ ಸ್ವತಃ ಬೇವಿನ ಗಿಡದ ಬುಡಕ ಕೂತು ಎಣಿಸೇನಿ. ಮುಂಜಾನಿಂದ ಸಂಜಿತನಕ ಒಂದು ಬಂಡಿ ದಾಟ್ಲಿಲ್ಲ. ಟ್ರ್ಯಾಕ್ಟರ್ ದಾಟ್ಲಿಲ್ಲ. ಒಬ್ಬ ಹೆಣ್ಮಗಳು ಸೆರಗು ಹೊತ್ಕೊಂಡು ಹೋದ್ಳು, ಬಂದ್ಳು. ಅಷ್ಟ."

ಆ ಹೆಣ್ಣುಮಗಳು ನಾನು. ಏರಿ ಮುಚ್ಚಿದರೆ ಮುಂದಿನ ಊರಿಗೆ ನಡೆದು, ದಾಟಿ, ಮತ್ತೆ ಅಷ್ಟೇ ಹಿಂದಕ್ಕೆ ನಡೆಯಬೇಕು. ನನ್ನ ಮೊಣಕಾಲಿಗೆ ಅದು ಆಗದ ಮಾತು. ನಿಮ್ಮ ಮುತ್ಯಾ ಆಚೆ ಉಳಿದುಬಿಡುತ್ತಾರೆ, ನಾನು ಈಚೆ. ಮದುವೆಯಾಗಿ ಬಂದಾಗಿನಿಂದ ಹೊರಗಿನ ಗಂಡಸರ ಮಾತಿನ ನಡುವೆ ಬಾಯಿ ಹಾಕಿದವಳಲ್ಲ ನಾನು. ಆ ದಿನ ನನ್ನ ಧ್ವನಿ ನನ್ನನ್ನು ಕೇಳದೆಯೇ ಹೊರಗೆ ಹೋಯಿತು.

"ಯಾವ ವಾರ್ರೀ ಅದು?"

ಇಬ್ಬರೂ ಬಾಗಿಲ ಕಡೆ ತಿರುಗಿದರು. ಸಾಹೇಬರು ಎದ್ದೇ ನಿಂತರು. "ಸೋಮವಾರ್ರೀ ಅಕ್ಕಾರ."

ನಿಮ್ಮ ಅಪ್ಪ ಹಣೆ ಬಡಿದುಕೊಂಡ. "ಏ ಸಾಹೇಬ್ರ! ಸೋಮವಾರ ಎತ್ತಿನ ಹೆಗಲಿಗೆ ನೊಗ ಯಾರ ಇಡ್ತಾರ್ರೀ? ಅದೂ ಶ್ರಾವಣ ಸೋಮವಾರ! ಎತ್ತಂದ್ರ ಬಸವಣ್ಣ. ಅವತ್ತು ಮೈ ತೊಳಸ್ಕೊಂಡು ಮೇಯ್ಕೊಂತ ಇರ್ತಾವ. ಮಂದಿ ಅರ್ಧ ಅಂದೋಲಾ ಮಠಕ್ಕ ಹೋಗಿರ್ತಾರ."

"ಮತ್ತ ಟ್ರ್ಯಾಕ್ಟರ್?"

"ಅದಕ್ಕೂ ಸೋಮವಾರನ. ಎತ್ತಿನ ಕೆಲಸ ಮಾಡೂದಲ್ಲೇನು ಅದು? ಗೌಡ್ರ ಟ್ರ್ಯಾಕ್ಟರ್ ಹಣಿಮ್ಯಾಲ ವಿಭೂತಿ ನೋಡಿಲ್ಲೇನ್ರೀ ನೀವು?"

ಬೇರೆ ಹೊತ್ತಾಗಿದ್ದರೆ ಮೂವರೂ ನಗುತ್ತಿದ್ದೆವು. ಸಾಹೇಬರು ಮೆಲ್ಲನೆ ಕಟ್ಟೆಯ ಮೇಲೆ ಕೂತರು. "ಶುಕ್ರವಾರ ನಾನಾಗೇ ಬಿಟ್ಟಿದ್ದೆ," ಎಂದರು. "ಮಂದಿ ನಮಾಜಿಗೆ ಹೋಗ್ತಾರ, ಲೆಕ್ಕ ತಪ್ತದಂತ. ಆಯ್ತವಾರ ಸರಕಾರಿ ಸೂಟಿ, ಅದೂ ಬಿಟ್ಟೆ. ಸೋಮವಾರ ಎಲ್ಲಾರೂ ಕೆಲಸಕ್ಕ ಹೊಂಡತಾರಂತ ಹುಡಿಕಿ ಹುಡಿಕಿ ಆ ದಿನ ಹಿಡದೆ. ಯಾ ಅಲ್ಲಾ."

ತಮ್ಮ ಶುಕ್ರವಾರವನ್ನು ಬಿಟ್ಟಿದ್ದರು, ಸರಕಾರದ ಭಾನುವಾರವನ್ನು ಬಿಟ್ಟಿದ್ದರು. ನಮ್ಮ ಸೋಮವಾರ ಅವರಿಗೆ ಗೊತ್ತಿರಲಿಲ್ಲ. ಪೇಟೆಯಲ್ಲಿ ಹೊಲಿಗೆ ಮಷೀನಿನ ಸಪ್ಪಳದಲ್ಲಿ ಬೆಳೆದವರು. ಇಷ್ಟೆಲ್ಲ ತಿಂಗಳು ನಮ್ಮ ನಡುವೆ ಇದ್ದರೂ ನಾವು ಯಾರೂ ಹೇಳಿರಲಿಲ್ಲ. ಗಾಳಿ ಬೀಸುತ್ತದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

"ಇನ್ನೊಮ್ಮೆ ಎಣಸ್ರಿ, ಮುಗೀತಲ್ಲ," ಎಂದ ನಿಮ್ಮ ಅಪ್ಪ.

"ಎಣಿಸೂದು ಸರಳ ಅದ. ರೊಕ್ಕ?" ಸಾಹೇಬರು ನಾನು ಒಳಗಿಟ್ಟಿದ್ದ ರೊಟ್ಟಿ ಬುಟ್ಟಿಯ ಕಡೆ ಕೈ ತೋರಿಸಿದರು. "ಬುಟ್ಯಾಗ ಇರೂದ ಇಷ್ಟು. ನಿಮ್ಮ ಕೆಳದಾರಿ ರೊಕ್ಕ ಈಗಾಗಲೇ ಇದ ರಸ್ತಾದ ಭೀಮಾ ಸೇತುವಿ ಕಡೆ ಹೋಗ್ಯಾದ. ಈಗ ಮತ್ತ ಬೇಕಂದ್ರ ಮಿತಿ ದಾಟ್ತದ. ಮಿತಿ ದಾಟಿದ್ರ ಇಡೀ ಕಡತ ದಿಲ್ಲಿಗೆ ವಾಪಸ್. ಆಮ್ಯಾಲ ಸೇತುವಿನೂ ಇಲ್ಲ, ರಸ್ತಾನೂ ಇಲ್ಲ. ಕಂಬ ಅಷ್ಟ."

ಆ ಸಂಜೆ ಅವರು ರೊಟ್ಟಿ ಮುಟ್ಟಲಿಲ್ಲ. "ಹೊಟ್ಟಿ ಬರೋಬ್ಬರಿ ಇಲ್ರೀ ಅಕ್ಕಾರ" ಎಂದು ತಾಟು ಹಾಗೇ ಒಳಗೆ ಕಳಿಸಿದರು.

ಸುದ್ದಿ ಊರಿಗೆ ಹಬ್ಬಲು ಹೊತ್ತಾಗಲಿಲ್ಲ. ಮರುದಿನ ಗೌಡರು ಬಂದು ಕಟ್ಟೆಯ ಮೇಲೆ ಕೂತರು. "ಸಾಹೇಬ್ರ, ಫಿಕರ್ ಮಾಡಬ್ಯಾಡ್ರಿ. ನೀವು ಎಣಸ್ರಿ, ನಾವು ದಾಟಸ್ತೇವಿ. ಸುತ್ತಲ ಊರಾಗಿನ ಬಂಡಿನೂ ತರಸ್ತೇನಿ."

"ಹಂಗ ಮಾಡಿದ್ರ ನಾ ಎಣಸಂಗೇ ಇಲ್ರೀ ಗೌಡ್ರ."

"ಯಾಕ್ರೀ? ಒಮ್ಮಿ ಕಡಿಮಿ ಎಣಿಸೀರಿ, ಈಗೊಮ್ಮಿ ಹೆಚ್ಚಿಗಿ ಎಣಸ್ರಿ. ಸಮ ಆಗ್ತದ."

"ಎರಡು ಸುಳ್ಳು ಕೂಡಿದ್ರ ಒಂದು ಖರೆ ಆಗಂಗಿಲ್ರೀ," ಎಂದು ಸಾಹೇಬರು ಎದ್ದು ಒಳಗೆ ಹೋದರು.

ಗೌಡರು ಕೇಳಬೇಕಲ್ಲ? ಯಾವ ದಿನ ಎಣಿಸುತ್ತಾರೆಂದು ಸಾಹೇಬರು ಹೇಳಲಿಲ್ಲ, ಅದಕ್ಕೇ ಊರವರು ದಿನಾಲೂ ದಾಟತೊಡಗಿದರು. ಕೆಲಸವಿಲ್ಲದವರು ಬಂಡಿ ಕಟ್ಟಿಕೊಂಡು ಆಚೆ ಹೋಗಿ ಬೀಡಿ ಸೇದಿ ಬರುವರು. ಎತ್ತುಗಳಿಗೇ ಆಶ್ಚರ್ಯ. ಸಾಹೇಬರು ಬೇವಿನ ಗಿಡದ ಹತ್ತಿರ ಹಾದುಹೋಗುವಾಗ ಒಬ್ಬ ಕೂಗಿ ಕೇಳಿದ, "ನನ್ನ ಬಂಡಿ ಹಿಡಿದ್ರೇನ್ರೀ ಲೆಕ್ಕಕ್ಕ?" ಸಾಹೇಬರು ಬಂಡಿಯೊಳಗೆ ಇಣುಕಿ ನೋಡಿದರು. ಕುಂಟೆ ಇಲ್ಲ, ಗೊಬ್ಬರ ಇಲ್ಲ, ಆಳಿಲ್ಲ. "ಖಾಲಿ ಬಂಡಿಗೆ ನನ್ನ ಹೆಬ್ಬಟ್ಟು ಸರಿಯಂಗಿಲ್ಲಪಾ," ಎಂದು ನಕ್ಕು ಮುಂದೆ ಹೋದರು. ಆ ಮಾತು ಊರಲ್ಲಿ ಉಳಿಯಿತು. ಈಗಲೂ ಕೆಲಸವಿಲ್ಲದೆ ತಿರುಗುವವನನ್ನು ಕಂಡರೆ, "ಖಾಲಿ ಬಂಡಿ ಬಂತು ನೋಡ್ರಿ" ಎನ್ನುತ್ತಾರೆ.

ಕಡೆಗೆ ಊರವರಿಗೇ ಬೇಸರವಾಗಿ ನಾಟಕ ನಿಂತಿತು. ಅದಾದ ಮೇಲೆ ಒಂದು ಸಾದಾ ದಿನ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಅವರು ಎಣಿಸಿ ಮುಗಿಸಿದ್ದರು. ನಮಗೆ ತಿಳಿದದ್ದು ಮರುದಿನ. ಗೌಡರಿಗೆ ಸಿಟ್ಟು ಬಂತು. ನಿಮ್ಮ ಅಪ್ಪನಿಗೆ ಹೆದರಿಕೆ ಬಂತು. "ಸಾಕಷ್ಟು ಆದ್ವೇನ್ರೀ?" ಎಂದು ಕೇಳಿದ. "ಇದ್ದಷ್ಟು ಇದ್ವು," ಎಂದರು ಸಾಹೇಬರು.

ಅಷ್ಟರಲ್ಲಿ ಮಣ್ಣಿನ ಏರಿ ಎರಡೂ ಕಡೆಯಿಂದ ನಮ್ಮ ಬಂಡಿದಾರಿಯತ್ತ ಬರುತ್ತಿತ್ತು. ಟಿಪ್ಪರುಗಳು ದಿನವೂ ಮುರುಮು ಸುರಿಯುವವು, ರೋಲರು ತುಳಿಯುವುದು. ಸೋಮವಾರ ಆಚೆಗೆ ಹೋಗುವಾಗ ನೋಡಿದರೆ ನಡುವಿನ ಬಯಲು ಕಡಿಮೆಯಾಗಿರುವುದು. ಮುಂದಿನ ಸೋಮವಾರ ಇನ್ನಷ್ಟು ಕಡಿಮೆ. ನಿಮ್ಮ ಮುತ್ಯಾನಿಗೆ ಪತ್ರಿ ಇಡುವಾಗ, "ಮುಂದಿನ ವಾರ ಬರ್ತೇನಿ" ಎನ್ನುವುದು ನನ್ನ ವಾಡಿಕೆ. ಆ ತಿಂಗಳುಗಳಲ್ಲಿ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸಾಹೇಬರು ಕಲಬುರಗಿಯ ಆಫೀಸಿಗೆ ಹೋಗಿ ಬರತೊಡಗಿದರು. ಖರ್ಚು ನೋಡುವ ದೊಡ್ಡವರ ಸಭೆ ಅಲ್ಲಿ ನಡೆಯುತ್ತಿತ್ತು. ತಾವೇ ಸಹಿ ಮಾಡಿ ಕೊಟ್ಟ ಎಣಿಕೆ ತಪ್ಪು ಎಂದು ತಾವೇ ಹೋಗಿ ಹೇಳಬೇಕಿತ್ತು. ಬಸ್ಸಿನಿಂದ ಇಳಿದು ಅವರು ಬರುವಾಗ ನಾನು ಕಿಟಕಿಯಿಂದ ಅವರ ನಡಿಗೆ ನೋಡುತ್ತಿದ್ದೆ. ಚಪ್ಪಲಿ ಎಳೆಯುತ್ತಿದ್ದರೆ ಕೆಲಸವಾಗಿಲ್ಲ ಎಂದು ಅರ್ಥ. ಯಾವಾಗಲೂ ಎಳೆಯುತ್ತಲೇ ಬರುತ್ತಿದ್ದರು.

"ಏನಂದ್ರು ಸಾಹೇಬ್ರ?" ನಿಮ್ಮ ಅಪ್ಪ ಕೇಳುವನು.

"ಸೋಮವಾರದ್ದು ಹೇಳಿದೆ. ನಕ್ಕರು. ಒಬ್ಬಾವ ಕೇಳಿದ, ಎತ್ತಿನ ಸೂಟಿ ನಮ್ಮ ಕ್ಯಾಲೆಂಡರ್‌ನಾಗ ಎಲ್ಲದ ಅಂತ." ಅವರೂ ನಗಲು ನೋಡಿದರು, ಆಗಲಿಲ್ಲ. "ಆಮ್ಯಾಲ ನೋಟಿಸ್ ಕೊಟ್ಟರು. ಬೇಜವಾಬ್ದಾರಿ ಅಂತ."

ನೋಟಿಸು ಅವರ ಮೇಲೆ ಬಂತು, ನಿದ್ದೆಗೆಟ್ಟವಳು ನಾನು. ಆ ದಿನ ಬಾಗಿಲ ಮರೆಯಿಂದ ನಾನು ಕೇಳದೇ ಇದ್ದಿದ್ದರೆ ಈ ಮನುಷ್ಯ ನಿಶ್ಚಿಂತೆಯಾಗಿ ಇರುತ್ತಿದ್ದರಲ್ಲ ಎನಿಸುತ್ತಿತ್ತು. ಕೇಳದೇ ಇದ್ದಿದ್ದರೆ ದಾರಿ ಹೋಗುತ್ತಿತ್ತು. ಕೇಳಿದ್ದರಿಂದ ದಾರಿ, ಅವರ ನೌಕರಿ ಎರಡೂ ಹೋಗುತ್ತವೇನೋ ಎಂಬ ಅಂಜಿಕೆ.

ಅವರು ಕತ್ತರಿ ಹಿಡಿದು ಹುಡುಕಲು ಕೂತರು. ಎಲ್ಲಿ ಏನು ತೆಗೆದರೆ ನಮ್ಮ ದಾರಿಗೆ ಒದಗೀತು ಎಂದು ದಾರಿಯುದ್ದಕ್ಕೂ ತಿರುಗಿದರು. ಎಲ್ಲ ಕಡೆಗೂ ಅವರೇ ಮೊದಲು ಕತ್ತರಿಸಿಬಿಟ್ಟಿದ್ದರು! "ನಾ ಏನೂ ಉಳಿಸಿಲ್ರೀ," ಎಂದು ಒಂದು ದಿನ ಕಟ್ಟೆಯ ಮೇಲೆ ಕೂತು ತಮ್ಮನ್ನೇ ಬೈದುಕೊಂಡರು. ಏರಿಗಳ ನಡುವೆ ಅಷ್ಟರಲ್ಲಿ ಎರಡು ಬಂಡಿ ಒಟ್ಟಿಗೆ ಹಾಯುವಷ್ಟೇ ಜಾಗ ಉಳಿದಿತ್ತು.

ದಾರಿ ತೋರಿಸಿದ್ದು ಹಳ್ಳ. ನಮ್ಮ ಬಂಡಿದಾರಿಯ ಪಕ್ಕಕ್ಕೇ ಹಳ್ಳ ಹರಿಯುತ್ತದಲ್ಲ, ಅದರ ನೀರು ಹೋಗಲು ಏರಿಯಲ್ಲಿ ಒಂದು ಕಂಡಿ ಹೇಗಿದ್ದರೂ ಇಡಲೇಬೇಕಿತ್ತು. ಆ ಹಣ ಮಂಜೂರಾಗಿ ಕೂತಿತ್ತು. ಸಾಹೇಬರು ಅದನ್ನೇ ಸ್ವಲ್ಪ ಅಗಲ ಮಾಡಿ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ತುಸು ಎತ್ತರದ ಕಟ್ಟೆಯಂಥ ದಾರಿ ಮಾಡಿದರೆ ಹೇಗೆ ಎಂದು ಯೋಚಿಸಿದರು. ಎರಡು ಕಂಡಿಯ ಬದಲು ಒಂದು.

ಎತ್ತರ ನೋಡಲು ನಮ್ಮ ಬಂಡಿಗೆ ತೊಗರಿ ಹೊರೆ ಹೇರಿಸಿ ನಿಮ್ಮ ಅಪ್ಪನನ್ನು ಮೇಲೆ ಕೂರಿಸಿದರು. ಸವೆದ ಟೇಪು ಹಿಡಿದು ಅಳೆದರು.

"ಒಂದು ಗೇಣು ಜಾಸ್ತಿ ಇಡ್ರಿ ಸಾಹೇಬ್ರ. ನಾ ಏನು ಗುಬ್ಬಿ ಏನ್ರೀ, ಹಿಂಗ ಮುದುಡಿ ಕೂಡ್ಲಿಕ್ಕ?" ಮೇಲಿನಿಂದ ನಿಮ್ಮ ಅಪ್ಪ ಕೂಗಿದ.

"ನಿನಗ ಒಂದು ಗೇಣು ಕೊಟ್ರ ಮ್ಯಾಲಿನ ರಸ್ತಾ ಒಂದು ಗೇಣು ಏರಬೇಕು. ಎರಡೂ ಕಡಿ ಎಷ್ಟು ಮಣ್ಣು ಬೇಕು ಗೊತ್ತದೇನು? ತಲಿ ಬಗ್ಗಸು."

"ಬಗ್ಗಸೇನ್ರೀ."

"ಇನ್ನಷ್ಟು."

ನಾನು ಅಂಗಳದ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಬಹಳ ದಿನಗಳ ಮೇಲೆ ನಕ್ಕದ್ದು.

ಮತ್ತೆ ಸಭೆ. ಈ ಸಲ ಬಸ್ಸಿನಿಂದ ಇಳಿದು ಬರುವಾಗ ಚಪ್ಪಲಿಯ ಸಪ್ಪಳ ಬೇರೆಯಾಗಿತ್ತು. ಅವರು ನಿಮ್ಮ ಅಪ್ಪನಿಗೆ ಹೇಳಲಿಲ್ಲ. ನೇರವಾಗಿ ನಾನು ನಿಂತಿದ್ದ ಬಾಗಿಲ ಹತ್ತಿರ ಬಂದು, ನೆಲ ನೋಡುತ್ತ ಹೇಳಿದರು.

"ಅಕ್ಕಾರ, ಆತ್ರೀ. ಆದ್ರ ಒಂದು ಮಾತು. ಮಳಿ ಜೋರಾದ್ರ ಹಳ್ಳದ ನೀರು ದಾರಿಮ್ಯಾಲ ಏರ್ತದ. ಪಾದ ಮುಳಗಬಹುದು. ಅದಕ್ಕೂ ಹೆಚ್ಚು ಬರಬಾರದು, ನಾ ಹಿಸಾಬ್ ಹಾಕೇನಿ. ಆದ್ರ ನಂದು ಒಮ್ಮಿ ಹಿಸಾಬ್ ತಪ್ಪೇದಲ್ಲ. ಇನ್ನೊಂದು ಮೊಳ ದಾರಿ ಏರಿಸಾಕ ರೊಕ್ಕ ಇರಲಿಲ್ಲ."

ನಾನು ಒಳಗೆ ಹೋಗಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದು ಇಟ್ಟೆ. ಆ ದಿನ ತಿಂದರು.

ಕಾಂಕ್ರೀಟು ಬೀಳುವ ಮೊದಲೇ ಅವರ ವರ್ಗವಾಯಿತು. ಹೋಗುವಾಗ ಸಾಬೂನಿನ ಅರ್ಧ ಹೋಳನ್ನು ಕಾಗದದಲ್ಲಿ ಸುತ್ತಿಕೊಂಡೇ ಹೋದರು. ಕೆಳದಾರಿ ಆದದ್ದನ್ನು, ಅದರೊಳಗೆ ಮೊದಲ ಬಂಡಿ ಹಾದದ್ದನ್ನು ಅವರು ನೋಡಲಿಲ್ಲ.

ನೋಡಲು ಬರಲಿಲ್ಲ, ಆದರೆ ಬಿಡಲೂ ಇಲ್ಲ. ಮೊದಲ ಮಳೆಗಾಲದಲ್ಲೇ ನಿಮ್ಮ ಅಪ್ಪನಿಗೆ ಫೋನು ಬಂತು. "ನೀರು ಎಷ್ಟು ಬಂತಪಾ?" ನಿಮ್ಮ ಅಪ್ಪ ಕಟ್ಟೆ ಬಿಟ್ಟು ಏಳದೆಯೇ, "ಏನಿಲ್ರೀ, ಆರಾಮ ಅದ" ಎಂದ. "ನೀ ಹೋಗಿ ನೋಡಿಲ್ಲ. ಅಕ್ಕಾರಿಗೆ ಕೊಡು." ನಾನು ಫೋನಿನಲ್ಲಿ ಮಾತಾಡಿದ ಮೊದಲ ಹೊರಗಿನವರು ಅವರೇ. ನನಗೆ ಸುಳ್ಳು ಹೇಳಲು ಬರದು. "ನೋಡಿಲ್ರೀ" ಎಂದೆ. "ನೋಡಿ ಹೇಳ್ರಿ, ನಾ ಮತ್ತ ಹಚ್ಚತೇನಿ."

ಅಂದಿನಿಂದ ಜೋರು ಮಳೆ ಬಂದಾಗಲೆಲ್ಲ ನಾನು ತಲೆಗೆ ಗೋಣಿಚೀಲದ ಗೊಂಚಿ ಹೊತ್ತು ಕೆಳದಾರಿಗೆ ಹೋಗಿ ನೀರಲ್ಲಿ ನಿಂತು ಬರುತ್ತಿದ್ದೆ. ಅವರಿಗೆ ಹೇಳಲು ಬೇಕಿತ್ತಲ್ಲ. ಪಾದದಷ್ಟು ನೀರಿದ್ದರೆ "ಪಾದ ರೀ" ಎನ್ನುತ್ತಿದ್ದೆ. ಆ ಕಡೆಯಿಂದ ಉಸಿರು ಬಿಟ್ಟ ಸಪ್ಪಳ ಕೇಳುವುದು. ಒಂದು ವರ್ಷ ಭೀಮೆಗೆ ಮಹಾಪೂರ ಬಂದಾಗ, "ಮೀನಖಂಡ ರೀ" ಎಂದೆ. "ಮಕ್ಕಳನ್ನ ಬಿಡಬ್ಯಾಡ್ರಿ ಅಲ್ಲಿ," ಎಂದರು. ಸಂಜೆ ಮತ್ತೆ ಹಚ್ಚಿದರು. ಮರುದಿನ ಮುಂಜಾನೆ ಮತ್ತೆ. ನೀರು ಇಳಿಯುವವರೆಗೆ ಆ ಮನುಷ್ಯನಿಗೆ ಸಮಾಧಾನ ಇರಲಿಲ್ಲ. ನಮ್ಮ ಮಾತು ಅಷ್ಟೇ. ಕುಶಲ, ಸಮಾಚಾರ, ಏನೂ ಇಲ್ಲ.

ಅದಕ್ಕೇ ಮಕ್ಕಳೇ, ಈ ಸಲ ಎರಡು ಮಳೆಗೂ ನಾನು ನೀರಲ್ಲಿ ನಿಂತು ಬಂದು ಫೋನಿನ ಕೆಳಗೆ ಕೂತಿದ್ದೆ.

ಫೋನಿನ ಬದಲು ಅವರ ಹೆಂಡತಿ ಬಂದರು, ನಿಮಗೆ ನೆನಪಿರಬೇಕು. ಬುರಖಾ ಹಾಕಿದ್ದ, ದಣಿದ ಮುಖದ ಹೆಣ್ಣುಮಗಳು, ಆಳಂದದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಸಾಹೇಬರು ತೀರಿಹೋಗಿ ತಿಂಗಳಾಗಿತ್ತು. ನಾನು ಅವರ ಕೈ ಹಿಡಿದುಕೊಂಡು ಕೂತೆ. ಆಮೇಲೆ ಅವರೇ ಹೇಳಿದರು.

"ದವಾಖಾನಿ ಕಿಡಕಿಗೆ ಮಳಿ ಬಡಿಯಾಕತ್ತಿತ್ತು. ಎಚ್ಚರ ಬಂದಾಗೊಮ್ಮಿ, ನೀರು ಎಷ್ಟು ಬಂತು ಕೇಳು, ಅಕ್ಕಾರಿಗೆ ಕೇಳು ಅಂದ್ರು. ಬುಖಾರಿನಾಗ ಏನೋ ಬಡಬಡಸ್ತಾರ ಅಂದ್ಕೊಂಡೆ, ಕೇಳ್ಲಿಲ್ಲ ನಾನು. ಈಗ ಅದ ಮನಸಿನಾಗ ಕೊರಿತದ. ಅದಕ್ಕ ಬಂದೇನಿ. ಎಷ್ಟು ಬಂದಿತ್ರೀ?"

"ಪಾದ ರೀ," ಎಂದೆ. "ಪಾದ ಅಷ್ಟ ತೋಯ್ದಿದ್ದವು."

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು.

ಮಧ್ಯಾಹ್ನ ಅವರನ್ನು ಕೆಳದಾರಿಗೆ ಕರೆದುಕೊಂಡು ಹೋದೆ. ಮೇಲೆ ಗಾಡಿಗಳು ಗುಡುಗುತ್ತ ಹೋಗುತ್ತಿದ್ದವು. ಕೆಳಗೆ ಯಾರೂ ಇಲ್ಲ. ಒಂದು ಬದಿಗೆ ಸಣ್ಣಗೆ ಹಳ್ಳ, ಇನ್ನೊಂದು ಬದಿಗೆ ಖಾಲಿ ದಾರಿ. ಅವರು ಬಹಳ ಹೊತ್ತು ನಿಂತರು. ಬಂಡಿಯಿಲ್ಲ, ದನವಿಲ್ಲ, ನರಪಿಳ್ಳೆ ಸುಳಿಯಲಿಲ್ಲ. ಅವರ ಮುಖ ಸಣ್ಣಗಾಯಿತು.

"ಇದಕ್ಕ ಏನ್ರೀ ಅವರು ನೋಟಿಸ್ ತಗೊಂಡಿದ್ದು? ಇದಕ್ಕ ವರ್ಷಾ ವರ್ಷಾ ಪರೇಶಾನ್ ಆಗಿದ್ದು? ಯಾರೂ ದಾಟಂಗೇ ಇಲ್ಲಲ್ಲ."

ಯಾರನ್ನೂ ಏನನ್ನೂ ಬೇಡಿದವಳಲ್ಲ ನಾನು. ಅವರ ಮೊಣಕೈ ಗಟ್ಟಿಯಾಗಿ ಹಿಡಿದೆ.

"ಇವತ್ತು ಸೋಮವಾರ್ರೀ ತಂಗಿ. ಇವತ್ತು ಹೋಗಬ್ಯಾಡ್ರಿ. ನಾಳೆ ಮುಂಜಾನಿ ನೋಡಿ ಹೋಗ್ರಿ."

ಆ ದಿನ ಅವರು ಸಾಹೇಬರಿದ್ದ ಕೋಣೆಯಲ್ಲೇ ಮಲಗಿದರು. ಮಂಗಳವಾರ ಹೊತ್ತು ಮೂಡುತ್ತಲೇ ನಾವಿಬ್ಬರೂ ಬೇವಿನ ಗಿಡದ ಬುಡಕ್ಕೆ ಕೂತೆವು. ಮೊದಲು ಕುಂಟೆ ಹೇರಿಕೊಂಡ ಬಂಡಿ ಬಂತು. ಹಿಂದೆಯೇ ಕಳೆ ತೆಗೆಯಲು ಹೊರಟ ಹೆಣ್ಣಾಳುಗಳನ್ನು ಕೂರಿಸಿಕೊಂಡ ಇನ್ನೊಂದು. ಅವರು ನಮ್ಮನ್ನು ಕಂಡು, "ಏನ ಯವ್ವಾ, ಬೀಗತಿ ಬಂದಾರೇನು?" ಎಂದು ಕೂಗಿ ನಗುತ್ತ ಹೋದರು. ಗೊಬ್ಬರ ಹೊತ್ತ ಗೌಡರ ಟ್ರ್ಯಾಕ್ಟರು ಹೋಯಿತು. ಎಮ್ಮೆ, ಆಡು, ಬುತ್ತಿ ಹೊತ್ತವರು, ಸೈಕಲ್ಲಿನವರು ಹೋದರು. ತಂಗಿಯ ಕೈ ಮಡಿಲಲ್ಲಿತ್ತು. ಆ ಕಡೆ ನೋಡಿದೆ. ಹೆಬ್ಬೆರಳು ಒಂದೊಂದೇ ಗೆಣ್ಣಿನ ಮೇಲೆ ಸರಿಯುತ್ತಿತ್ತು.

ಅಷ್ಟರಲ್ಲಿ ಒಂದು ಬಂಡಿ ಸುಮ್ಮನೆ ಗಡಗಡ ಸಪ್ಪಳ ಮಾಡುತ್ತ ಬಂತು. ಹೊಡೆಯುವವನೊಬ್ಬನನ್ನು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಅದು ದಾಟಿ ಹೋಯಿತು. ತಂಗಿಯ ಹೆಬ್ಬೆರಳು ಸರಿಯಲಿಲ್ಲ.